ಗುಂಡಿ ಡಬ್ಬಿಯ ಮಾತ್ರೆ

ನಮ್ಮ ಬೀದಿಯ ಟೈಲರಣ್ಣನಿಗೆ ತಿಂಗಳಿಗೊಮ್ಮೆಯಾದರೂ ಭೇದಿ. ಅಳತೆ ಟೇಪನ್ನು ಗಿರಾಕಿಯ ಸೊಂಟಕ್ಕೇ ಬಿಟ್ಟು ಹಿತ್ತಲಿಗೆ ಓಡುತ್ತಿದ್ದ. ಗಿರಾಕಿ ಪಾಪ, ಎರಡೂ ಕೈ ಮೇಲೆತ್ತಿಕೊಂಡೇ ಕಾಯಬೇಕು.

ಡಾಕ್ಟರು ಐದು ದಿನದ ಮಾತ್ರೆ ಕೊಟ್ಟರೆ, ಈ ಮಹಾಶಯ ಎರಡು ದಿನ ನುಂಗಿ, ಉಳಿದದ್ದನ್ನು ಹಾಳೆಯಿಂದ ಬಿಡಿಸಿ ಗುಂಡಿ ಡಬ್ಬಿಗೆ ಹಾಕಿಡುವನು. ಚೂರು ಬಟ್ಟೆಯನ್ನೂ ಬಿಸಾಡದ ಕೈ ಅದು. ಮುಂದಿನ ಸಲ ಹೊಟ್ಟೆ ಗುಡುಗಿದಾಗ ಡಬ್ಬಿಯಿಂದ ಒಂದು ನುಂಗಿದರೆ ಅವನ ಚಿಕಿತ್ಸೆ ಮುಗಿಯಿತು.

ಈ ಸಲ ಮೂರು ವರ್ಷದ ಮಗಳಿಗೂ ಶುರುವಾಯಿತು. ಬೆಳಗಿನಿಂದ ಐದು ಸಲ ಆಗಿ ಮಗು ಬಾಡಿಹೋಗಿತ್ತು. ಹಿತ್ತಲಿಗೆ ಹೋಗಿ ಬಂದವನೇ ಟೈಲರಣ್ಣ ಡಬ್ಬಿ ತೆರೆದ. "ಅರ್ಧ ಕೊಟ್ರೆ ಸಾಕು."

ಹೊಲಿಯಲು ಕೊಟ್ಟ ಬಟ್ಟೆ ಕೇಳಲು ಬಂದ ನರ್ಸಕ್ಕ ಬಾಗಿಲಲ್ಲೇ ಕೂಗಿದಳು. "ಏಯ್, ನಿಲ್ಸಪ್ಪಾ! ಮಗೂಗೆ ಕೊಡೋದಾ ಅದು?"

"ಅಕ್ಕಾ, ನಿಮಗೆ ಗೊತ್ತಿಲ್ಲ. ಮೊನ್ನೆ ಒಂದೇ ಒಂದು ನುಂಗ್ದೆ, ಮರುದಿನ ಹೊಟ್ಟೆ ಗಪ್‌ಚುಪ್!"

ಮೂಲೆಯಲ್ಲಿ ಅಂಗಿಯ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದ ಹೆಂಡತಿ ತಲೆ ಎತ್ತಿದಳು. "ರೀ, ಡಬ್ಬೀಲಿ ಮಾತ್ರೆ ಆರಿತ್ತು, ಈಗಲೂ ಆರೇ ಇದೆ. ಮೇಷ್ಟ್ರ ಬಿಳಿ ಅಂಗಿ ಗುಂಡಿ ಒಂದು ಕಾಣ್ತಿಲ್ಲ ಅಂತ ಮೊನ್ನೆಯಿಂದ ಹುಡುಕ್ತಿದೀನಿ. ನೀವು ನುಂಗಿದ್ದು ಅದನ್ನೇ!"

ಟೈಲರಣ್ಣ ಹೊಟ್ಟೆ ಮುಟ್ಟಿ ನೋಡಿಕೊಂಡ. ನರ್ಸಕ್ಕನಿಗೆ ನಗು ತಡೆಯಲಾಗಲಿಲ್ಲ.

"ಭೇದಿ ಎಷ್ಟೋ ಸಲ ತಾನಾಗೇ ನಿಲ್ಲುತ್ತೆ ಕಣಪ್ಪಾ. ಹೆಸರು ಮಾತ್ರ ಗುಂಡಿಗೆ ಬಂತು! ಆದ್ರೆ ಡಾಕ್ಟ್ರು ಕೊಟ್ಟಿದ್ದನ್ನ ಅರ್ಧಕ್ಕೆ ಬಿಟ್ರೆ, ಉಳಿದ ಕ್ರಿಮಿ ಮಾತ್ರೆಗೂ ಬಗ್ಗಲ್ಲ. ತೋಳು ಅರ್ಧ ಹೊಲಿದು ಅಂಗಿ ಕೊಡ್ತೀಯಾ ನೀನು?"

ಟೈಲರಣ್ಣ ದಾರದ ತುದಿಯನ್ನು ಬಾಯಲ್ಲಿ ಚೀಪಿ ಸೂಜಿಗೆ ಪೋಣಿಸಹೊರಟ. ಹಿತ್ತಲಿನಿಂದ ನೇರ ಡಬ್ಬಿಗೆ ಹೋಗಿದ್ದ ಆ ಕೈ ಸೋಪು ಕಂಡಿರಲಿಲ್ಲ; ನರ್ಸಕ್ಕ ಬಾಗಿಲಿನಿಂದಲೇ ಗಮನಿಸಿದ್ದಳು.

"ಸಿಕ್ಕಿಬಿದ್ದೆ ನೋಡು!" ಎಂದಳು ನರ್ಸಕ್ಕ. "ಅದೇ ಕೈ, ಅದೇ ದಾರ, ಅದೇ ಬಾಯಿ. ಅದೇ ಕೈಯಲ್ಲಿ ಮಗೂಗೂ ತುತ್ತು."

ಟೈಲರಣ್ಣನ ಮುಖ ಇಳಿಯಿತು. "ನನ್ನ ಕೈಯಿಂದ್ಲಾ ಅಕ್ಕಾ?" ಮಗಳನ್ನು ನೋಡಿ ಅವನಿಗೆ ನಿಜಕ್ಕೂ ಅಳು ಬಂತು.

ಮಗುವಿಗೆ ಗುಟುಕು ಗುಟುಕಾಗಿ ಓಆರ್‌ಎಸ್ ಪುಡಿ ಬೆರೆಸಿದ ನೀರು ಕುಡಿಸುತ್ತಲೇ ಆಸ್ಪತ್ರೆಗೆ ಓಡಿದರು. ಅಪ್ಪ, ಮಗಳು ಇಬ್ಬರಿಗೂ ಮಲ ಪರೀಕ್ಷೆಯಾಯಿತು. ಟೈಲರಣ್ಣ ಈ ಸಲ ಡಾಕ್ಟರು ಕೊಟ್ಟದ್ದನ್ನು ಕೊನೆಯ ಮಾತ್ರೆಯವರೆಗೂ ನುಂಗಿದ. ಮಗಳು ಈಗ ಹುಷಾರಾಗಿ ಹೊಲಿಗೆ ಮಿಷನ್ನಿನ ಕೆಳಗೆ ಆಡುತ್ತಾಳೆ. ಹಿತ್ತಲ ಬಾಗಿಲಲ್ಲಿ ದಾರಕ್ಕೆ ಕಟ್ಟಿದ ಸೋಪು ನೇತಾಡುತ್ತಿದೆ.

"ಒಂದು ಗುಂಡಿ ಯಾಕೆ ಬೇರೆ ಥರ ಇದೆ?" ಎಂದು ಕೇಳಿದ ಮೇಷ್ಟ್ರಿಗೆ ಮಾತ್ರ ಅವನು ಇನ್ನೂ ಉತ್ತರ ಕೊಟ್ಟಿಲ್ಲ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಎದ್ದು ನಿಮ್ಮ ಮನೆಯ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಹಳೆಯ ಮಾತ್ರೆ ಇದ್ದರೆ ಯಾರಿಗೂ ಕೊಡಬೇಡಿ, ನೀವೂ ನುಂಗಬೇಡಿ. ಭೇದಿ ಮರುಕಳಿಸಿದರೆ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು ದಿನವೂ ಔಷಧಿ ಮುಗಿಸಿ. ಅದಕ್ಕೂ ಮೊದಲು, ಈಗಲೇ ಹೋಗಿ ಸೋಪು ಹಚ್ಚಿ ಕೈ ತೊಳೆದು ಬನ್ನಿ.