ಹಯಾತ್ ಸಾಬರ ಎದೆನೋವು

ಹಯಾತ್ ಸಾಬರಿಗೆ ಎದೆ ಹಿಡಿದುಕೊಂಡದ್ದು ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ. ಶಿವಮೊಗ್ಗದ ಸವಳಂಗ ರಸ್ತೆಯ ತಮ್ಮ ಶೆಡ್ಡಿನಲ್ಲಿ ಲಾರಿಯೊಂದರ ಅಡಿ ಮಲಗಿ ಬೋಲ್ಟು ಬಿಗಿಯುತ್ತಿದ್ದವರನ್ನು ಕಾಲು ಹಿಡಿದು ಹೊರಗೆಳೆಯಬೇಕಾಯಿತು. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿ ಮಲಗಿ ಎದ್ದಾಗ ಡಾಕ್ಟರ್ ಶ್ರೀನಿವಾಸಮೂರ್ತಿ, "ಹಾರ್ಟ್ ಅಟ್ಯಾಕ್ ಸಾಬ್ರೇ, ಉಳಿದದ್ದೇ ಪುಣ್ಯ. ಇನ್ನು ಭಾರ ಎತ್ತೋ ಹಾಗಿಲ್ಲ" ಎಂದರು.

ಭಾರ ಎತ್ತುವುದನ್ನು ಬಿಟ್ಟರು, ಬೀಡಿ ಬಿಟ್ಟರು. ಆದರೂ ಮಳೆಗಾಲ ಮುಗಿಯುವ ಹೊತ್ತಿಗೆ ನೋವು ಮತ್ತೆ ಬಂತು. ಅದೇ ಜಾಗ, ಅದೇ ಹಿಂಡುವಿಕೆ. ಹೆಂಡತಿ ಹಾಜರಾ ಗಾಬರಿಬಿದ್ದು ಬಸ್ ಡ್ರೈವರ್ ಕರಿಯಣ್ಣನ ಕೈಲಿ ಭದ್ರಾವತಿಗೆ ಹೇಳಿಕಳಿಸಿದಳು. ಅಲ್ಲಿದ್ದದ್ದು ಅವರ ಒಬ್ಬಳೇ ಮಗಳು ವಜೀರಾ. ಅವಳ ಗಂಡ ನಿಯಾಜ್‌ಗೆ ಕಾರ್ಖಾನೆಯಲ್ಲಿ ಕೆಲಸ. ಮುಂದಿನ ಬಸ್ಸಿಗೇ ಓಡಿಬಂದಳು. ಡಾಕ್ಟರು ಎದೆಯ ಗ್ರಾಫ್ ತೆಗೆಸಿ, ಹೊಸದಾಗಿ ಏನೂ ಆಗಿಲ್ಲ ಎಂದರು.

"ಮತ್ತೆ ನೋವು ಯಾಕೆ ಡಾಕ್ಟ್ರೇ?"

"ನಂಗೂ ಗೊತ್ತಾಗ್ತಿಲ್ಲ ಮಾರಾಯ್ರೇ. ಸುಳ್ಳು ಯಾಕೆ ಹೇಳ್ಲಿ?"

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ನೋವು ಬಂದಾಗ ವಜೀರಾಗೆ ಏಳು ತಿಂಗಳು ತುಂಬಿತ್ತು. ಗಂಡ ಬೇಡವೆಂದರೂ ಕೇಳದೆ, ಮಲವಗೊಪ್ಪದ ಹತ್ತಿರ ಕಿತ್ತುಹೋಗಿದ್ದ ರಸ್ತೆಯಲ್ಲಿ ಕುಲುಕಾಡುತ್ತ ಬಂದಳು. ಅವಳು ಹೊಸಿಲು ದಾಟುವಷ್ಟರಲ್ಲಿ ಹಯಾತ್ ಗಂಜಿ ಕುಡಿಯುತ್ತ ಕೂತಿದ್ದರು. ನೋವು ಹೋಗಿಯಾಗಿತ್ತು. ಅವರಿಗೆ ನಾಚಿಕೆಯಾಯಿತು.

ಅಂದು ಸಂಜೆಯೇ ಅವಳಿಗೆ ಹೆರಿಗೆ ನೋವು ಶುರುವಾಯಿತು. ಹೆಣ್ಣು ಮಗು. ಒಂದು ದಿನ ಉಸಿರಾಡಿತು, ಅಷ್ಟೇ.

ಕಬರಸ್ತಾನದ ದಾರಿಯಲ್ಲಿ ಹಯಾತ್ ಕೈ ಚಾಚಿದರು. ನಿಯಾಜ್ ಆ ಬಿಳಿ ಗಂಟನ್ನು ಕೊಟ್ಟ. ಭಾರವೇ ಇರಲಿಲ್ಲ. ಬಸ್ಸಿನ ಕುಲುಕಾಟದಿಂದಲೇ ಹೀಗಾಯಿತೆಂದು ಯಾರೂ ಅನ್ನಲಿಲ್ಲ. ಹಯಾತ್‌ಗೆ ಯಾರೂ ಅನ್ನಬೇಕಾಗಿಯೂ ಇರಲಿಲ್ಲ.

ಆಮೇಲೆ ನೋವು ಬಂದರೆ ಅವರು ಬಾಯಿಬಿಡುತ್ತಿರಲಿಲ್ಲ. ಶೆಡ್ಡಿನ ಹಿಂದೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಬೆವರಿನಿಂದ ಒದ್ದೆಯಾದ ಅಂಗಿ ನೋಡಿ ಹಾಜರಾ ಕೇಳಿದರೆ, "ಬಿಸಿಲು" ಎನ್ನುತ್ತಿದ್ದರು. ಮಗಳ ಮನೆಗೆ ಹೋಗುವುದನ್ನೂ ನಿಲ್ಲಿಸಿಬಿಟ್ಟರು.

ನಾಲ್ಕು ತಿಂಗಳ ಮೇಲೆ ಈದ್ ಬಂತು. ಹಾಜರಾ ಹಟ ಹಿಡಿದು ಅವರನ್ನು ಭದ್ರಾವತಿಗೆ ಹೊರಡಿಸಿದಳು. ಊಟಕ್ಕೆ ಕೂತು ಎರಡು ತುತ್ತು ತಿಂದಿದ್ದರು, ಎದೆ ಹಿಂಡಿತು. ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದರು. ಹಿಂದೆಯೇ ವಜೀರಾ ಬಂದಳು.

"ಅಬ್ಬಾ, ನೋವಾ?"

"ಏನಿಲ್ಲ, ಹೋಗಮ್ಮ."

"ಎಷ್ಟು ದಿನದಿಂದ ಮುಚ್ಚಿಡ್ತಿದ್ದೀರಿ?"

"ಹೇಳಿದ್ದಕ್ಕೇ ತಾನೇ ನೀನು ಬಂದಿದ್ದು? ನಿನ್ನ ಮಗೂನ ನಾನೇ..."

ವಜೀರಾ ಪಕ್ಕದಲ್ಲಿ ಕೂತಳು. "ನಂಗೂ ಹಾಗೇ ಅನ್ನಿಸಿತ್ತು ಅಬ್ಬಾ. ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು" ಎಂದಳು.

"ಈಗ?"

"ಈಗ್ಲೂ ಕೆಲವು ದಿನ ಬರುತ್ತೆ. ಸುಳ್ಳು ಹೇಳಲ್ಲ. ಆದ್ರೆ ಕರಿಯಣ್ಣನ ಬಸ್ಸಲ್ಲಿ ನಿಮ್ಮ ಸುದ್ದಿ ಬಾರದ ದಿನ ನೀವು ಇದ್ದೀರೋ ಇಲ್ವೋ ಅಂತ ಸಾಯ್ತೀನಿ. ನೋವು ಬಂದ್ರೆ ಹೇಳಿ. ಬರೋದು ಬಿಡೋದು ನಂಗೆ ಬಿಡಿ."

ಹಯಾತ್ ಅತ್ತರು. ಮಗಳ ಮುಂದೆ ಅವರು ಅತ್ತದ್ದು ಅದೇ ಮೊದಲು. ಅವಳು ಅವರ ಬೆನ್ನು ನೀವುತ್ತ ಕೂತಳು. ಒಳಗಿನಿಂದ ಹಾಜರಾ ಕೂಗಿದಾಗಲೂ ಇಬ್ಬರೂ ಏಳಲಿಲ್ಲ.

ನೋವು ನಿಧಾನಕ್ಕೆ ಇಳಿಯಿತು. ಯಾಕೆ ಬಂತೋ, ಯಾಕೆ ಹೋಯಿತೋ. ಅದು ಮತ್ತೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಹೆಸರು ಇಟ್ಟಿದ್ರಾ ಮಗೂಗೆ?" ಹಯಾತ್ ಕೇಳಿದರು. ಇಷ್ಟು ದಿನ ಕೇಳಲು ಧೈರ್ಯ ಬಂದಿರಲಿಲ್ಲ.

"ಬಿಸ್ಮಿಲ್ಲಾ ಅಂತ. ಯಾವ ಕೆಲಸ ಶುರು ಮಾಡುವಾಗ್ಲೂ ನೀವು ಹೇಳೋ ಮಾತೇ ಅಬ್ಬಾ," ಎಂದಳು ವಜೀರಾ.