ಗುನ್‌ಹಿಲ್ಡಳ ಇಬ್ಬರು ಹೆಣ್ಣುಮಕ್ಕಳು

೧
ಎಲ್ಲಿಂದ ಶುರು ಮಾಡಲಿ? ‘ಡಕೋಟದ ಬಯಲಿಗೆ ಮೊದಲು ಬಂದು ನೆಲೆಸಿದ ನಮ್ಮ ಹಿರಿಯರು ಧೀರರು’ ಎಂದು ಬರೆದು ಹೊಡೆದುಹಾಕಿದೆ. ಅದು ನಮ್ಮ ಮ್ಯೂಸಿಯಮ್ಮಿನ ಬಾಗಿಲಲ್ಲಿರುವ ಬೋರ್ಡು. (ಬರೆದವಳೂ ನಾನೇ. ಅಲ್ಲಿಯ ಮೇಲ್ವಿಚಾರಕಿ ಸಿಗ್ನೆ.)

೨
ಊರಿಗೆಲ್ಲ ಅತ್ತೆಯಾದ ರಾಗ್ನತ್ತೆಯಿಂದಲೇ ಶುರು ಮಾಡುತ್ತೇನೆ. ಅವಳ ಅಜ್ಜಿ ಗುನ್‌ಹಿಲ್ಡ್ ನಾರ್ವೆಯಿಂದ ಅಮೆರಿಕದ ಈ ಬಯಲಿಗೆ ಬಂದು ಬಾಳಿದ ಮರದ ದಿಮ್ಮಿಯ ಮನೆಯನ್ನು ಬಿಚ್ಚಿ ತಂದು ನಮ್ಮ ಅಂಗಳದಲ್ಲಿ ಮತ್ತೆ ಜೋಡಿಸಿದ್ದೆವು. ಎಪ್ಪತ್ತು ದಾಟಿದ ರಾಗ್ನತ್ತೆ ಅಜ್ಜಿಯ ಏಪ್ರನ್ ಕಟ್ಟಿಕೊಂಡು, ತಾನೇ ಗುನ್‌ಹಿಲ್ಡ್ ಆಗಿ, ಆಲೂಗಡ್ಡೆಯ ರೊಟ್ಟಿ ಸುಡುತ್ತಾ ಬಂದವರೊಡನೆ ಮಾತಾಡುತ್ತಿದ್ದಳು.

ಒಮ್ಮೆ ಶಾಲೆಯ ಹುಡುಗಿಯೊಬ್ಬಳು ಕೇಳಿದಳು: “ಇಲ್ಲಿ ನೀವು ಖುಷಿಯಾಗಿದ್ರಾ ಅಜ್ಜಿ?”

“ಇಲ್ಲ ಮಗಳೇ. ಮೊದಲ ಚಳಿಗಾಲಕ್ಕೇ ಗಂಟಲಮಾರಿ ಬಂತು. ಒಂದೇ ವಾರದಲ್ಲಿ ನನ್ನ ಇಬ್ಬರು ಹೆಣ್ಣುಮಕ್ಕಳು ಹೋದ್ರು. ನೆಲ ಕಲ್ಲಾಗಿತ್ತು, ಅಗೆಯೋಕಾಗ್ಲಿಲ್ಲ. ಹಿಮ ಕರಗೋವರೆಗೂ ಪೆಟ್ಟಿಗೆಗಳನ್ನ ಇದೇ ಸೂರಿನ ಮೇಲಿಟ್ಕೊಂಡಿದ್ವಿ.”

ಆಮೇಲೆ ಮಕ್ಕಳ ಹೆಸರನ್ನೂ ಹೇಳಿದಳು. ಬಾಗಿಲಲ್ಲಿದ್ದ ನಾನು ಟೀಚರಮ್ಮನ ಮುಖ ನೋಡುತ್ತಿದ್ದೆ. ಹೆಸರು ಕೇಳಿಸಿಕೊಳ್ಳಲಿಲ್ಲ.

೩
ಶಾಲೆಯಿಂದ ದೂರು ಬಂತು. ರಾಗ್ನತ್ತೆ ಆಡಬೇಕಾದ ಮಾತನ್ನು ಎರಡು ಹಾಳೆಯಲ್ಲಿ ನಾನೇ ಬರೆದುಕೊಟ್ಟೆ: ಬೆಣ್ಣೆ ಕಡೆಯುವುದು, ಉಣ್ಣೆ ನೂಲುವುದು, ನಗುವುದು.

“ನಮ್ಮಜ್ಜಿ ಬೆಣ್ಣೆ ಕಡೆದ್ಲು ಅನ್ನಬಹುದು, ಅತ್ಲು ಅನ್ನಬಾರದು. ಅಷ್ಟೇ ತಾನೇ ಸಿಗ್ನೆ?”

“ಮಕ್ಕಳು ಹೆದರ್ತಾರೆ ಅತ್ತೆ.”

“ಸತ್ತವರೂ ಮಕ್ಕಳೇ ಕಣೇ.”

(ಮೊದಲ ಡ್ರಾಫ್ಟಿನಲ್ಲಿ ಅವಳು ಏಪ್ರನ್ ಬಿಸಾಕಿ ಹೊರಟುಹೋಗುತ್ತಾಳೆ. ಓದುಗರೇ, ನಿಮಗೂ ಅದೇ ಹಿಡಿಸುತ್ತಿತ್ತು. “ಅಜ್ಜಿ ಮನೇನ ನಿನ್ನ ಕೈಗೆ ಬಿಟ್ಟು ನಾನೆಲ್ಲಿಗೆ ಹೋಗ್ಲಿ?” ಎಂದು ಕಥೆಯೊಳಗಿಂದಲೇ ಗದರಿದಳು. ಹರಿದುಹಾಕಿದೆ.)

ಆರು ಬೇಸಿಗೆ ನನ್ನ ಮಾತನ್ನೇ ಒಂದಕ್ಷರ ತಪ್ಪದೆ ಆಡಿದಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

೪
ಈಗ ರಾಗ್ನತ್ತೆ ವೃದ್ಧಾಶ್ರಮದಲ್ಲಿದ್ದಾಳೆ. ನೆನಪು ಅಳಿಸಿಹೋಗಿದೆ, ಮಗನ ಗುರುತೂ ಇಲ್ಲ. ಹೋದ ವಾರ ಕೈ ಹಿಡಿದು ಕೇಳಿದೆ: “ಅತ್ತೆ, ಆ ಹುಡುಗೀರ ಹೆಸರೇನು?”

ಮುಖ ಅರಳಿತು. “ಬನ್ನಿ ಮಕ್ಕಳೇ! ಬೆಣ್ಣೆ ಕಡೆಯೋದು ಎಂಥಾ ಮಜಾ ಗೊತ್ತಾ?”

ಎಲ್ಲ ಹೋಗಿ, ನನ್ನ ಎರಡು ಹಾಳೆ ಮಾತ್ರ ಉಳಿದಿತ್ತು.

೫
ಮುಕ್ತಾಯ ಒಂದು: ಅವಳಿಗೆ ಥಟ್ಟನೆ ನೆನಪಾಗುತ್ತದೆ. (ಆಗಲಿಲ್ಲ.)

ಮುಕ್ತಾಯ ಎರಡು: ಚರ್ಚಿನ ದಾಖಲೆಯಲ್ಲಿ ಹೆಸರು ಸಿಗುತ್ತದೆ. (ಚರ್ಚು ಸುಟ್ಟುಹೋಗಿ ಬಹಳ ಕಾಲವಾಯಿತು. ರಾಗ್ನತ್ತೆಯ ಮಗನಿಗೂ ಗೊತ್ತಿಲ್ಲ.) ಅಂದು ಪ್ರಶ್ನೆ ಕೇಳಿದ್ದ ಹುಡುಗಿಯನ್ನೂ ಹುಡುಕಿ ಕಾಗದ ಬರೆದೆ. ‘ಪೆಟ್ಟಿಗೆಗಳು ನೆನಪಿವೆ. ಹೆಸರು ಮರೆತಿದ್ದೇನೆ, ಕ್ಷಮಿಸಿ’ ಎಂದು ಉತ್ತರ ಬಂತು.

ಮುಕ್ತಾಯ ಮೂರು: ನಾನೇ ಎರಡು ಹೆಸರಿಡುವುದು. ಮುದ್ದಾದವು ಹೊಳೆದಿವೆ. ಯಾರೂ ಪ್ರಶ್ನಿಸುವುದಿಲ್ಲ. ಆದರೆ ಆ ಮನೆಯವರ ಬಾಯಿಗೆ ನನ್ನ ಮಾತು ತುರುಕುವ ಕೆಲಸ ಒಮ್ಮೆ ಮಾಡಿ ಮುಗಿಸಿದ್ದೇನೆ.

ಆದ್ದರಿಂದ ಈ ಕಥೆ ಮುಗಿಯುವುದಿಲ್ಲ. ಕೊನೆಯ ಸಾಲು ಹೀಗಿದೆ, ಹೀಗೇ ಇರುತ್ತದೆ: ಈ ಮನೆಯಲ್ಲಿ ತೀರಿಕೊಂಡ ಮಕ್ಕಳು ________ ಮತ್ತು ________