ಅಡ್ಡಗೆರೆ ಎಳೆದ ಓಣಿ

ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರ್ ಏಳುತ್ತದೆ, ಬೀಳುತ್ತದೆ, ತಿರುವನಂತಪುರದ ಈ ಕಚೇರಿಯ ಬೆಂಚಿನಲ್ಲಿ ನಕ್ಷೆಯ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಮಹಾಲಿಂಗ ಅದನ್ನೇ ನೋಡುತ್ತಿದ್ದಾನೆ, ಏಳುತ್ತದೆ — ಆ ಸೀಳಿದ ತೆಂಗಿನ ಕಾಂಡವೂ ಹೀಗೆಯೇ ಎದ್ದಿತ್ತು, ಕೊಚ್ಚಿಯಲ್ಲಿ, ವೈಟ್ಟಿಲದ ಹಿಂದಿನ ತೋಡಿನ ದಡದಲ್ಲಿ, ಮರಳಿನ ದೋಣಿಗೆ ದಾರಿ ಬಿಡಲು ಅದನ್ನು ನೀರಿನ ಮೇಲಿಂದ ಈಚೆಗೆಳೆದು, ದಡದ ಮನೆಯ ಮೇರಿ ಒಂದು ತುದಿ, ಅವಳ ಗಂಡ ಇನ್ನೊಂದು ತುದಿ ಹೆಗಲಿಗೇರಿಸಿ ನಿಂತಿದ್ದರು, ಕಾಂಡದಿಂದ ನೀರು ತೊಟ್ಟಿಕ್ಕುತ್ತಿತ್ತು, ಸಾರೇ, ಸ್ವಲ್ಪ ನಿಲ್ಲಿ, ದೋಣಿ ಹೋದ ಕೂಡಲೇ ಹಾಕ್ತೇವೆ ಎಂದಳು ಮೇರಿ, ಇವನು ಗಡಿಯಾರ ನೋಡಿದ, ಐದೂವರೆ, ಆರಕ್ಕೆ ನಕ್ಷೆ ಕಲಿಸುವ ಸಂಜೆ ತರಗತಿ, ಹಾಜರಿ ಮೊದಲೇ ಕಡಿಮೆ, ಓಣಿ ಇನ್ನೊಂದಕ್ಕೆ ಸೇರಿದಲ್ಲಿ ಚುಕ್ಕೆ, ನಿಂತಲ್ಲಿ ಅಡ್ಡಗೆರೆ, ಕಣ್ಣಿಗೆ ಕಂಡದ್ದನ್ನಷ್ಟೇ ಗುರುತಿಸಿ ಎಂದು ಮೇಷ್ಟ್ರು ಹೇಳಿಕೊಟ್ಟದ್ದು, ಕಂಡದ್ದು ಬರೀ ನೀರು, ಇವನು ಅಡ್ಡಗೆರೆ ಎಳೆದು ಬಸ್ಸಿಗೆ ಓಡಿದ. ತಪ್ಪೇನು ಅದರಲ್ಲಿ — ತಪ್ಪೇ, ಕಾಸರಗೋಡಿನಲ್ಲಿ ತೋಡಿಗೆ ಅಡ್ಡ ಹಾಕಿದ ಮರದ ಸಂಕ ದಾಟಿಯೇ ಶಾಲೆಗೆ ಹೋದವನು, ಎತ್ತಿಟ್ಟ ಸಂಕವನ್ನು ಸಂಕವೆಂದು ಗುರುತಿಸದೆ ಹೋದನೇ.

ಅಲ್ಲಿ ದಾಟುವ ದಾರಿಯಿಲ್ಲವೆಂದು ಈಗ ಆ ಗೆರೆಯ ಮೇಲೆ ಗೋಡೆ ಬರುತ್ತದೆ, ತೋಡಿನುದ್ದಕ್ಕೂ, ಹೊಸ ರಸ್ತೆಗೆ, ಇಲ್ಲಿ ಸಹಿಯಾದರೆ ಮುಗಿಯಿತು. ಹೋದ ವಾರ ಅಲ್ಲಿಗೆ ಹೋಗಿ ಹೆಜ್ಜೆ ಎಣಿಸಿದ, ಮೇರಿಯ ಮನೆಯಿಂದ ಆಚೆ ದಡದಲ್ಲಿರುವ ಅವಳ ಮಗಳ ಶಾಲೆಗೆ ಕಾಂಡದ ಮೇಲಿಂದ ತೊಂಬತ್ತು, ಬೈಪಾಸ್ ಸೇತುವೆ ಸುತ್ತಿದರೆ ಎರಡು ಸಾವಿರದ ನಾನೂರು, ಲಾರಿಗಳ ನಡುವೆ, ಎಂಟು ವರ್ಷದ ಹುಡುಗಿ. ಮೇರಿ ಮೀನು ತೊಳೆಯುತ್ತಾ ನಕ್ಕಳು, ಸಾರ್ ಅವತ್ತು ಓಡಿದ್ದಲ್ಲವಾ, ಬಸ್ಸು ಸಿಕ್ಕಿತಾ? ಸಿಕ್ಕಿತು ಎಂದ, ಅಷ್ಟೇ ಎಂದ, ಗೋಡೆಯ ಮಾತು ಬಾಯಿಗೆ ಬರಲಿಲ್ಲ. ಮೇಲಧಿಕಾರಿ ರತ್ನಾಕರರಿಗೆ ಹೇಳಿದ, ಅವರೂ ಕಾಸರಗೋಡಿನವರೇ, ಚಾ ಆರಿಸುತ್ತಾ ಅಂದರು, ಅದು ಮರದ ತುಂಡು ಮಾರಾಯ, ರಸ್ತೆಯಲ್ಲ, ನನ್ನ ಸಹಿಯೂ ಆ ನಕ್ಷೆಯಲ್ಲಿ ಉಂಟು, ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ಸುಮ್ಮನೆ ತಲೆಬಿಸಿ ಮಾಡ್ಬೇಡ. ಮಾಡಬಾರದು, ಸಂಜೆ ತರಗತಿಯಲ್ಲಿ ಕಲಿತವನು ದೊಡ್ಡವರ ನಕ್ಷೆಗೆ ಕೈ ಹಾಕಬಾರದು — ಆದರೆ ಗೆರೆ ಇವನದೇ ಅಲ್ಲವೇ, ಇವನ ಪೆನ್ಸಿಲ್ಲಿನದೇ, ಕ್ಯಾಲೆಂಡರ್ ಏಳುತ್ತದೆ, ಕೊಚ್ಚಿಯ ಫೈಲು ಯಾರದು, ಗುಮಾಸ್ತ ಎದುರಿಗೇ ಬಂದು ನಿಂತಿದ್ದಾನೆ, ತಿದ್ದುಪಡಿ ಏನೂ ಇಲ್ಲವಲ್ಲ ಸಾರೇ ಎನ್ನುತ್ತಲೇ ಕೊಳವೆಗೆ ಕೈ ಹಾಕುತ್ತಾನೆ, ಎಳೆಯುತ್ತಾನೆ, ಮಹಾಲಿಂಗನ ಬೆರಳು ಸಡಿಲವಾಗುವುದಿಲ್ಲ, ಸ್ವಲ್ಪ ನಿಲ್ಲಿ, ಇದು ಯಾರ ಮಾತು, ಇವನದೇ ಬಾಯಿಂದ ಬಂದದ್ದು, ಸ್ವಲ್ಪ ನಿಲ್ಲಿ, ಕೊಳವೆಯ ಒಂದು ತುದಿ ಗುಮಾಸ್ತನ ಕೈಯಲ್ಲಿ, ಒಂದು ತುದಿ ಇವನ ಕೈಯಲ್ಲಿ, ನಡುವೆ ಆ ಕಾಂಡ, ನೀರು ತೊಟ್ಟಿಕ್ಕುತ್ತಾ